ಆವಲಪ್ಪನ ಶಂಖದ ಗಾಡಿ

ಆವಲಪ್ಪನ ಬಾಯಲ್ಲಿ ‘ಆಗಲ್ಲ’ ಎನ್ನುವ ಮಾತು ಹೊರಡುತ್ತಿರಲಿಲ್ಲ. ಯಾರು ಏನು ಕೇಳಿದರೂ ಮೊದಲು ‘ಆಯ್ತು ಬಿಡಿ’ ಅಂದುಬಿಡುತ್ತಿದ್ದ. ಅದು ಹೇಗೆ ಆಗುತ್ತದೆ ಎನ್ನುವ ಯೋಚನೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಶುರುವಾಗುತ್ತಿತ್ತು. ಅವನ ಹೆಂಡತಿ ಮುನಿಗಂಗಮ್ಮ ಮದುವೆಯಾದ ಮೊದಲ ವರ್ಷದಲ್ಲೇ ಇದನ್ನು ಕಂಡುಕೊಂಡಿದ್ದಳು. ಅವನು ಹೊರಗಿನಿಂದ ಬಂದು ಸುಮ್ಮನೆ ಕಂಬಕ್ಕೆ ಒರಗಿ ಕೂತನೆಂದರೆ, “ಇವತ್ತು ಯಾರಿಗೆ ಏನಂತ ಒಪ್ಕೊಂಡು ಬಂದ್ರಿ?” ಎಂದು ಕೇಳುತ್ತಿದ್ದಳು.

ಅವರದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಊರಿನ ಒಂದು ಭಾಗ ಕಲ್ಲು ಕೆತ್ತುವವರದು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಉಳಿ ಸುತ್ತಿಗೆಯ ಸದ್ದು. ಇನ್ನೊಂದು ಭಾಗ ಬೇಸಾಯದವರದು. ಆವಲಪ್ಪ ರಾಗಿ, ಹುರುಳಿಕಾಯಿ ಬೆಳೆಯುತ್ತಿದ್ದ, ಹಿಪ್ಪುನೇರಳೆ ತೋಟ ಇಟ್ಟುಕೊಂಡು ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ. ಆದರೆ ಸುತ್ತಲಿನ ಊರುಗಳಲ್ಲಿ ಅವನನ್ನು ಯಾರೂ ತೋಟದಿಂದ ಗುರುತಿಸುತ್ತಿರಲಿಲ್ಲ. ‘ಪಿಕಪ್ ಆವಲಪ್ಪ’ ಅಂದರೆ ಕೋಲಾರದ ಸಂತೆಯಲ್ಲೂ ಗೊತ್ತಾಗುತ್ತಿತ್ತು.

ಆ ಪಿಕಪ್ಪು ಫಾರ್ಗೊ ಕಂಪನಿಯದು. ದುಂಡು ಬಾನೆಟ್ಟು, ಕಪ್ಪೆಗಣ್ಣಿನಂಥ ದೀಪಗಳು, ಮುಂದೆ ಮೂರು ಜನ ಕೂರುವ ಸೀಟು, ಹಿಂದೆ ಮರದ ಹಲಗೆಯ ತೆರೆದ ತೊಟ್ಟಿ. ಆವಲಪ್ಪನ ಅಪ್ಪ ಕೋದಂಡರಾಮಪ್ಪ ಐವತ್ತರ ದಶಕದಲ್ಲಿ ಬೆಂಗಳೂರಿನ ಒಂದು ಹರಾಜಿನಲ್ಲಿ ಅದನ್ನು ಕೊಂಡು, ಓಡಿಸಲು ಬಾರದೆ ಒಬ್ಬ ಡ್ರೈವರನ್ನು ಜೊತೆಗೆ ಕರೆತಂದು, ಅವನನ್ನು ಮನೆಯಲ್ಲೇ ಇಟ್ಟುಕೊಂಡು ಕಲಿತಿದ್ದರು. ಆ ಗಾಡಿಯಲ್ಲಿ ರೇಷ್ಮೆಗೂಡು ಹೋಯಿತು, ಹುರುಳಿಕಾಯಿ ಹೋಯಿತು, ಆಚಾರಿಗಳು ಕೆತ್ತಿದ ದೇವರುಗಳು ಹುಲ್ಲಿನ ಮೇಲೆ ಮಲಗಿಕೊಂಡು ದೂರದೂರದ ಗುಡಿಗಳಿಗೆ ಹೋದವು. ಆವಲಪ್ಪನ ಮದುವೆಯ ದಿಬ್ಬಣವೂ ಅದರಲ್ಲೇ ಹೋಗಿತ್ತು. ಅವನ ಮಗಳು ಆದಿಲಕ್ಷ್ಮಿಯಂತೂ ಕೋಲಾರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ನರಸಾಪುರ ದಾಟುವ ಮೊದಲೇ, ಅದರ ಹಿಂದಿನ ತೊಟ್ಟಿಯಲ್ಲಿ ಹುಟ್ಟಿದವಳು.

ಎಪ್ಪತ್ನಾಲ್ಕರ ಸುಮಾರಿಗೆ ಪೆಟ್ರೋಲಿನ ಬೆಲೆ ನೆಗೆದು ಗಾಡಿ ಹೊರಗೆ ತೆಗೆಯುವುದೇ ಭಾರವಾಯಿತು. ಅದರ ಹಿಂದೆಯೇ ಇಂಜಿನ್ನೂ ಒಂದು ದಿನ ಗಟಗಟ ಸದ್ದು ಮಾಡಿ ಬಿಗಿದುಕೊಂಡು ನಿಂತುಬಿಟ್ಟಿತು. ಗಾಡಿಯನ್ನು ಹಿತ್ತಲಿನ ಹೊಂಗೆಮರದ ಕೆಳಗೆ ತಳ್ಳಿ ನಿಲ್ಲಿಸಿದರು. ಅಲ್ಲಿ ಅದು ಬೇರೆಯದೇ ಸಂಸಾರ ಹೂಡಿತು. ತೊಟ್ಟಿಯಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಪೇರಿಸಿಟ್ಟರು. ಸೀಟಿನ ಮೇಲೆ ಕೋಳಿಗಳು ಕಾವಿಗೆ ಕೂತವು. ಕಾದ ಬಾನೆಟ್ಟಿನ ಮೇಲೆ ಮುನಿಗಂಗಮ್ಮ ಸಂಡಿಗೆ ಒಣಗಿಸಿದಳು. ಅಂಥ ಗರಿಗರಿ ಸಂಡಿಗೆ ಬೇರೆ ಯಾರ ಮನೆಯಲ್ಲೂ ಆಗುತ್ತಿರಲಿಲ್ಲ ಎನ್ನುವುದು ಅವಳ ಹೆಮ್ಮೆ.

ಎಂಬತ್ಮೂರರಲ್ಲಿ ಮಾಲೂರಿನಿಂದ ಹಳೇ ಕಬ್ಬಿಣದ ವ್ಯಾಪಾರಿಯೊಬ್ಬ ಬಂದ. ಗಾಡಿಯನ್ನು ತೂಕಕ್ಕೆ ಕೊಡಿ ಎಂದು ಕೇಳಿದ. ಆವಲಪ್ಪ ಅಭ್ಯಾಸಬಲದಿಂದ ‘ಆಯ್ತು ಬಿಡಿ’ ಅಂದುಬಿಟ್ಟ. ಜಗಲಿಯಲ್ಲಿ ಕೂತು ಎಲೆ ಮಡಿಸುತ್ತಿದ್ದ ಕೋದಂಡರಾಮಪ್ಪ ಎದ್ದರು, ಪಂಚೆ ಎತ್ತಿ ಕಟ್ಟಿದರು, ಹಿತ್ತಲಿಗೆ ಹೋಗಿ ಕಾವಿಗೆ ಕೂತಿದ್ದ ಕೋಳಿಯನ್ನು ಮೆಲ್ಲಗೆ ಆಚೆ ಸರಿಸಿ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

“ಅಪ್ಪಾ, ಇಳಿಯಪ್ಪಾ. ಅವರು ಕಾಯ್ತಾವ್ರೆ,” ಎಂದು ಆವಲಪ್ಪ ಕಿಟಕಿಯ ಹತ್ತಿರ ಹೋಗಿ ಹೇಳಿದ.

“ಕಾಯ್ಲಿ. ನನ್ನೂ ಸೇರಿಸಿ ತೂಕ ಹಾಕ್ಕೊಂಡು ಹೋಗು ಅನ್ನು.”

ವ್ಯಾಪಾರಿ ನಕ್ಕು ಒಂದು ಲೋಟ ಮಜ್ಜಿಗೆ ಕುಡಿದು ಹೊರಟುಹೋದ. ಮುದುಕರು ಊಟದ ಹೊತ್ತಾದರೂ ಇಳಿಯಲಿಲ್ಲ. ಕೊನೆಗೆ ಆವಲಪ್ಪ, “ಆಯ್ತು ಬಿಡಪ್ಪಾ, ರಿಪೇರಿ ಮಾಡಿಸೋಣ,” ಎಂದ ಮೇಲೆಯೇ ಅವರು ಬಾಗಿಲು ತೆಗೆದದ್ದು.

ಒಳಗೆ ಮುದ್ದೆ ತಿರುವುತ್ತಿದ್ದ ಮುನಿಗಂಗಮ್ಮ ಗಂಡನ ಮುಖ ನೋಡಿ, “ಮಾವನ ಹೆಸರು ಹೇಳ್ಬೇಡಿ. ಆಸೆ ನಿಮ್ದೇ,” ಎಂದಳು. ಆವಲಪ್ಪ ತಲೆ ಕೆರೆದುಕೊಂಡು ನಕ್ಕ. ಅವಳು ಹೇಳಿದ್ದು ನಿಜವಾಗಿತ್ತು. ಆ ಒಂಬತ್ತು ವರ್ಷ ಹಿತ್ತಲಿಗೆ ಹೋದಾಗಲೆಲ್ಲ ಅವನು ಗಾಡಿಯ ಕಡೆ ನೋಡದಂತೆ ನಡೆದು ಬರುತ್ತಿದ್ದ.

ಕೋಲಾರದ ಹೊರವಲಯದಲ್ಲಿ ಕದಿರೇಶನ ಶೆಡ್ಡು ಇತ್ತು. ಕದಿರೇಶ ಕೆಜಿಎಫ್ ಕಡೆಯವನು, ತಮಿಳು ಕನ್ನಡ ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವನು, ಸಿಟ್ಟು ಬಂದರೆ ಮನುಷ್ಯರನ್ನು ಬಿಟ್ಟು ಸ್ಪ್ಯಾನರಿಗೆ ಬೈಯುವವನು. ಅವನ ಶೆಡ್ಡಿನವರೆಗೆ ಗಾಡಿಯನ್ನು ಮುಟ್ಟಿಸುವುದೇ ಒಂದು ಉತ್ಸವವಾಯಿತು. ಟಾರು ರಸ್ತೆಯವರೆಗೆ ಆವಲಪ್ಪನ ಎತ್ತುಗಳು ಎಳೆದವು. ಅಲ್ಲಿಂದ ಮುಂದೆ ಮಾಲೂರಿನ ಇಟ್ಟಿಗೆ ಲಾರಿಯೊಂದರ ಹಿಂದೆ ಹಗ್ಗ ಕಟ್ಟಿದರು. ಸ್ಟೇರಿಂಗ್ ಹಿಡಿಯುವವರು ತಾವೇ ಎಂದು ಕೋದಂಡರಾಮಪ್ಪ ಹಠ ಹಿಡಿದರು. ತಲೆಗೆ ಹೊಸ ಪೇಟ ಸುತ್ತಿಕೊಂಡು, ಎದುರಿಗೆ ಬಂದವರಿಗೆಲ್ಲ ಕೈ ಎತ್ತಿ, ಇಂಜಿನ್ ಓಡದ ಗಾಡಿಯನ್ನು ರಾಜಗಾಂಭೀರ್ಯದಿಂದ ಕೋಲಾರಕ್ಕೆ ತಂದರು.

ಕದಿರೇಶ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದವನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

“ಆವಲಪ್ಪಣ್ಣ, ಈ ಇಂಜಿನ್ ಮುಗೀತು. ಆದ್ರೆ ಚಾಸಿ ನೋಡು, ಸುತ್ತಿಗೇಲಿ ಹೊಡೆದ್ರೆ ಗುಡಿ ಗಂಟೆ ಹೊಡೆದಂಗೆ ಕೇಳ್ತದೆ. ಡೀಸೆಲ್ ಇಂಜಿನ್ ಕೂರಿಸೋಣ.”

ಅಲ್ಲಿಂದ ಆವಲಪ್ಪ ವಾರಕ್ಕೆರಡು ಸಲ ಶೆಡ್ಡಿಗೆ ಹೋಗತೊಡಗಿದ. ನೋಡಿ ಬರುವುದಕ್ಕೆಂದು ಹೋದವನು ಅಂಗಿ ಬಿಚ್ಚಿಟ್ಟು ತುಕ್ಕು ಉಜ್ಜುತ್ತಿದ್ದ. ಸೀಟು ಕಿತ್ತಾಗ ಇಲಿಗಳ ತಲೆಮಾರುಗಳೇ ಹೊರಬಿದ್ದವು. ತೊಟ್ಟಿಯ ಹಲಗೆಗಳು ಗೆದ್ದಲು ಹಿಡಿದಿದ್ದವು, ಮತ್ತಿಮರದ ಹೊಸ ಹಲಗೆ ಹಾಕಿದರು. ಇಟ್ಟಿಗೆಗೂಡಿನವರ ಹತ್ತಿರ ಕೆಲಸವಿಲ್ಲದೆ ಬಿದ್ದಿದ್ದ ನಾಲ್ಕು ಸಿಲಿಂಡರಿನ ಹಳೇ ಪರ್ಕಿನ್ಸ್ ಡೀಸೆಲ್ ಇಂಜಿನ್ನು ಸಿಕ್ಕಿತು. ಅದನ್ನು ಕೂರಿಸಲು ಕದಿರೇಶ ಕಬ್ಬಿಣದ ಪಟ್ಟಿಗಳನ್ನು ತಾನೇ ಕೊಯ್ದು ಬೆಸೆದ. ಟಿಂಕರಿಂಗ್ ಮುಗಿದು ಬಣ್ಣದ ಮಾತು ಬಂದಾಗ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಅಪ್ಪನಿಗೆ ಮೊದಲಿನ ಬೂದು ಬಣ್ಣವೇ ಬೇಕು. ಆವಲಪ್ಪನಿಗೆ ಕೆಂಪು. ಮುನಿಗಂಗಮ್ಮ ಪೆಟ್ಟಿಗೆಯಿಂದ ತನ್ನ ಧಾರೆಸೀರೆ ತೆಗೆದು, ಅದರ ಅಂಚನ್ನು ಗಂಡನ ಕೈಗೆ ಹಿಡಿಸಿ, “ಈ ಗಿಳಿ ಹಸಿರು,” ಎಂದಳು. ಕದಿರೇಶ ಆ ಅಂಚನ್ನು ಇಟ್ಟುಕೊಂಡೇ ಬಣ್ಣ ಕಲಸಿದ.

ಗಿಳಿ ಹಸಿರಿನ ಪಿಕಪ್ಪು ಊರಿಗೆ ಬಂದ ದಿನ ಉಳಿ ಸುತ್ತಿಗೆಗಳು ನಿಂತು ಆಚಾರಿಗಳೆಲ್ಲ ಬೀದಿಗೆ ಬಂದು ನೋಡಿದರು. ಕೋದಂಡರಾಮಪ್ಪ ಕುಂಬಳಕಾಯಿ ಒಡೆದರು.

ಎಲ್ಲಾ ಸರಿ, ಒಂದೇ ಒಂದು ತೊಂದರೆ. ಹೊಸ ಇಂಜಿನ್ನು ಹಳೆಯದಕ್ಕಿಂತ ಕಡಿಮೆ ಕುಡಿಯುತ್ತಿತ್ತು, ಆದರೆ ಏರು ಕಂಡರೆ ಅದಕ್ಕೆ ಜೀವ ಬಾಯಿಗೆ ಬರುತ್ತಿತ್ತು. ಸಪಾಟು ರಸ್ತೆಯಲ್ಲಿ ಡುಗುಡುಗು ಎಂದು ಚೆನ್ನಾಗಿ ಹೋಗುವುದು, ಭಾರ ಹೇರಿ ದಿಬ್ಬ ಹತ್ತಿಸಿದರೆ ಕಪ್ಪು ಹೊಗೆ ಕಾರಿ ನಿಂತೇ ಹೋಗುವುದು. ಮುಳಬಾಗಿಲಿನಾಚೆ ನಂಗಲಿ ಕಡೆ ಗಣಪತಿಯ ವಿಗ್ರಹ ಕೊಂಡೊಯ್ಯುವಾಗ ಒಂದು ಏರಿನಲ್ಲಿ ಹಿಂದೆ ಕೂತವರೆಲ್ಲ ಇಳಿದು ತಳ್ಳಬೇಕಾಯಿತು. ಸೌತೆಕಾಯಿ ಹೇರಿಕೊಂಡ ಎತ್ತಿನಗಾಡಿಯೊಂದು ಪಕ್ಕದಿಂದ ನಿಧಾನವಾಗಿ ಮುಂದೆ ಹೋಯಿತು. ಗಾಡಿಯವನು ಹಿಂತಿರುಗಿ ನೋಡಿ ತುಂಬ ಮರ್ಯಾದೆಯಿಂದ, “ಅಣ್ಣೋ, ಹಗ್ಗ ಇದ್ರೆ ಕೊಡ್ರಿ, ಕಟ್ಕೊಂಡು ಹೋಗ್ತೀನಿ,” ಎಂದ. ಅವನು ಗೇಲಿ ಮಾಡಿರಲಿಲ್ಲ, ನಿಜಕ್ಕೂ ಸಹಾಯ ಮಾಡಲು ಬಂದಿದ್ದ. ಆವಲಪ್ಪನಿಗೆ ಅದೇ ಹೆಚ್ಚು ನಾಚಿಕೆಯಾಯಿತು.

ಎಂಬತ್ತಾರರ ಬೇಸಿಗೆಗೆ ಮುಂಚೆ ಶಿಲ್ಪಿ ಕಾಳಾಚಾರಿ ಮನೆಗೆ ಬಂದ. ಕಾಳಾಚಾರಿ ಆವಲಪ್ಪನ ಓರಗೆಯವನು, ಊರಿನಲ್ಲಿ ಒಳ್ಳೆಯ ಕೈ. ಶ್ರೀನಿವಾಸಪುರ ತಾಲ್ಲೂಕಿನ ಅಂಚಿನಲ್ಲಿ, ಆಂಧ್ರದ ಗಡಿಯ ಹತ್ತಿರ ಬಂಡಪಲ್ಲಿ ಎನ್ನುವ ಊರು. ಅಲ್ಲಿಯ ಗುಡ್ಡದ ಮೇಲೆ ಹೊಸ ಗುಡಿ ಕಟ್ಟಿದ್ದಾರೆ, ಆಳೆತ್ತರದ ಆಂಜನೇಯ ಕೆತ್ತಿದ್ದಾಗಿದೆ, ಮುಟ್ಟಿಸಬೇಕು. ಮೇಲಿನವರೆಗೆ ಮಣ್ಣಿನ ರಸ್ತೆ ಇದೆ, ಆದರೆ ತಿರುವುಗಳು ಇಕ್ಕಟ್ಟು. ಲಾರಿ ತಿರುಗುವುದಿಲ್ಲ, ಟ್ರ್ಯಾಕ್ಟರಿನ ಟ್ರೇಲರೂ ತಿರುಗುವುದಿಲ್ಲ.

“ನಿನ್ ಪಿಕಪ್ಪು ಸರಿಯಾಗಿ ಹಿಡಿಸ್ತದೆ ಆವಲಪ್ಪ. ಏನಂತೀಯ?”

“ಆಯ್ತು ಬಿಡಿ ಆಚಾರ್ರೇ,” ಎಂದ ಆವಲಪ್ಪ.

ಕಾಳಾಚಾರಿ ಹೋದ ಮೇಲೆ ಅವನು ಕಂಬಕ್ಕೆ ಒರಗಿ ಕೂತ. ಮುನಿಗಂಗಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ನೋಡಿದಳು.

“ಸೌತೆಕಾಯಿ ಗಾಡಿ ಹಿಂದಕ್ಕೆ ಹಾಕ್ತಲ್ಲ, ಆ ಗಾಡೀನ ಗುಡ್ಡ ಹತ್ತಿಸ್ತೀರಾ?”

“ಹೂಂ ಅಂದ್ಬಿಟ್ಟೆ ಕಣೇ.”

“ಅದು ನಂಗೊತ್ತಾಯ್ತು. ಹೋಗಿ ಕದಿರೇಶನ್ನ ಕೇಳಿ. ಇಲ್ಲಿ ಕೂತ್ರೆ ಕಂಬ ಹೇಳ್ತದಾ?”

ಆಗೆಲ್ಲ ಕೋಲಾರದ ಸುತ್ತಮುತ್ತ ಬೋರ್‌ವೆಲ್ ಕೊರೆಯುವ ರಿಗ್ಗುಗಳ ಓಡಾಟ ಜೋರಾಗಿತ್ತು. ಅವುಗಳ ಜೊತೆ ಬರುವ ಕಂಪ್ರೆಸರಿನ ಇಂಜಿನ್ನುಗಳು ಕೆಟ್ಟರೆ ಕದಿರೇಶನ ಶೆಡ್ಡಿಗೂ ಬರುತ್ತಿದ್ದವು. ಆವಲಪ್ಪ ತನ್ನ ಕಷ್ಟ ಹೇಳಿಕೊಂಡಾಗ ಕದಿರೇಶ ಮೂಲೆಯ ಗೋಣಿಚೀಲ ಎಳೆದು, ಮಸಿ ಹಿಡಿದ ಒಂದು ಎರಕದ ವಸ್ತುವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬೆಂಚಿನ ಮೇಲಿಟ್ಟ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿದ್ದ ಎರಡು ಬುರುಡೆಗಳು ಬೆನ್ನಿಗೆ ಬೆನ್ನು ಅಂಟಿಕೊಂಡಿದ್ದವು.

“ಇದು ಟರ್ಬೊ. ರಿಗ್ಗಿನೋರು ಗುಜರಿಗೆ ಹಾಕಿದ ಇಂಜಿನ್ನಿಂದು. ನಾನು ತೆಗೆದಿಟ್ಟೆ. ಒಳಗೆ ನೋಡು ಚಕ್ರ.”

ಆವಲಪ್ಪ ಬೆರಳು ಹಾಕಿ ತಿರುಗಿಸಿದ. ತಡೆಯೇ ಇಲ್ಲದಂತೆ ಗಿರ್ರನೆ ತಿರುಗಿತು.

“ಸೈಲೆನ್ಸರಲ್ಲಿ ಸುಮ್ನೆ ಹೋಗೋ ಹೊಗೆ ಇದೆಯಲ್ಲ ಅಣ್ಣ, ಅದು ಈ ಕಡೆ ಚಕ್ರ ತಿರುಗಿಸ್ತದೆ. ಅದೇ ಕಂಬಿಗೆ ಆ ಕಡೆ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿ ಎಳ್ದು ಇಂಜಿನ್ ಒಳಕ್ಕೆ ತುರುಕ್ತದೆ. ಗಾಳಿ ಜಾಸ್ತಿ ಹೋದ್ರೆ ಡೀಸೆಲ್ಲೂ ಜಾಸ್ತಿ ಕೊಡಬೌದು. ತಾಕತ್ತು ತಾನಾಗಿ ಬರ್ತದೆ.”

“ಕಮ್ಮಾರ ತಿದಿ ಒತ್ತಿದಂಗೆ.”

“ಹೂಂ. ಆದ್ರೆ ಒತ್ತೋನು ಬೇಕಿಲ್ಲ.” ಕದಿರೇಶ ಬೆರಳಿಟ್ಟು ಚಕ್ರ ನಿಲ್ಲಿಸಿ, “ನಾನು ಇದುವರೆಗೆ ಇಂಥದ್ದು ಮಾಡಿಲ್ಲ. ಇಂಜಿನ್ ಚಿಕ್ಕದು, ಇದು ದೊಡ್ಡದು. ಹೆಂಗಾಗ್ತದೋ ನೋಡೋಣ,” ಎಂದ.

ಆವಲಪ್ಪನಿಗೆ ಆ ಮಾತು ಕೇಳಿ ಹೆದರಿಕೆಯಾಗುವುದರ ಬದಲು ಖುಷಿಯಾಯಿತು. ಮತ್ತೆ ಅಂಗಿ ಬಿಚ್ಚಿಟ್ಟು ಕೂತ. ಸೈಲೆನ್ಸರ್ ಕೊಳವೆಯನ್ನು ಕೊಯ್ದು ಟರ್ಬೊಗೆ ತಿರುಗಿಸಿದರು. ಹೆಚ್ಚುವ ಒತ್ತಡ ತಾಳಲೆಂದು ಇಂಜಿನ್ನಿನ ಹೆಡ್ಡಿನ ಕೆಳಗೆ ದಪ್ಪದ ಗ್ಯಾಸ್ಕೆಟ್ ಕೂರಿಸಿದರು. ಟರ್ಬೊದ ಕಂಬಿ ಕಾಯದಂತೆ ಇಂಜಿನ್ನಿನ ಆಯಿಲು ಅದಕ್ಕೂ ಹೋಗಿ ಬರಬೇಕು. ಅದಕ್ಕೆ ತಾಮ್ರದ ತೆಳು ಕೊಳವೆಯೊಂದನ್ನು ಬಗ್ಗಿಸಿ ಹಾಕಿದರು. ಕೋದಂಡರಾಮಪ್ಪ ಬಂದು ನೋಡಿ, “ಏನ್ಲಾ ಇದು, ಗಾಡಿಗೆ ಶಂಖ ಕಟ್ಟಿದ್ದೀರಲ್ಲಾ!” ಎಂದರು. ಅಂದಿನಿಂದ ಅದರ ಹೆಸರು ಶಂಖವೇ ಆಯಿತು. ಕದಿರೇಶನೂ ಟರ್ಬೊ ಎನ್ನುವುದನ್ನು ಬಿಟ್ಟ.

ಕೊನೆಗೆ ಅವನು ಆವಲಪ್ಪನಿಗೆ ಒಂದು ಎಚ್ಚರಿಕೆ ಕೊಟ್ಟ. “ಗಾಡಿ ನಿಂತ ತಕ್ಷಣ ಇಂಜಿನ್ ಆಫ್ ಮಾಡ್ಬೇಡ. ಶಂಖ ಒಳಗೆ ತಿರುಗ್ತಾ ಇರ್ತದೆ, ಕೆಂಡದಂಗೆ ಕಾದಿರ್ತದೆ. ಒಂದು ಎಲೆ ಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತು ಹಂಗೇ ಓಡ್ಲಿ, ಆಮೇಲೆ ಆಫ್ ಮಾಡು.”

ಮೊದಲ ಓಟಕ್ಕೆ ಊರಿನ ದಾರಿಯನ್ನೇ ಆರಿಸಿಕೊಂಡರು. ಪಕ್ಕದಲ್ಲಿ ಅಪ್ಪ, ಆಚೆ ಕದಿರೇಶ. ಕೆರೆಯ ಏರಿ ದಾಟಿದ ಮೇಲೆ ಊರಿನ ಕಡೆ ಒಂದು ದಿಬ್ಬ. ಆವಲಪ್ಪ ಆಕ್ಸಿಲೇಟರ್ ಒತ್ತಿದ. ಗಾಡಿ ಹಳೇ ಅಭ್ಯಾಸದಂತೆ ಮುಲುಗಿತು, ಏನೂ ಆಗಲಿಲ್ಲ. ಇನ್ನೂ ಒತ್ತಿದ. ಆಗ ಬಾನೆಟ್ಟಿನೊಳಗಿನಿಂದ ಸಣ್ಣಗೆ ಒಂದು ಊಳು ಎದ್ದು, ಏರುತ್ತಾ ಏರುತ್ತಾ ಶಂಖ ಊದಿದಂತೆಯೇ ಕೇಳಿ, ಯಾರೋ ಹಿಂದಿನಿಂದ ಒದ್ದ ಹಾಗೆ ಗಾಡಿ ಮುಂದಕ್ಕೆ ಹಾರಿತು. ದಿಬ್ಬ ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ಕೋದಂಡರಾಮಪ್ಪನ ಪೇಟ ಕಿಟಕಿಯಿಂದ ಆಚೆ ಹೋಯಿತು.

“ಹಿಡಿಯೋ! ಹಿಡಿಯೋ!” ಎಂದು ಅವರು ಕೂಗಿದರು, ಪೇಟವನ್ನೋ ಗಾಡಿಯನ್ನೋ ಗೊತ್ತಾಗಲಿಲ್ಲ.

ಆವಲಪ್ಪ ಬ್ರೇಕ್ ತುಳಿದ. ಬ್ರೇಕು ಐವತ್ತರ ದಶಕದ್ದು, ಅದರ ಪಾಡಿಗೆ ಅದು ಯೋಚಿಸಿಕೊಂಡು ಹಿಡಿಯಿತು. ಅಷ್ಟರಲ್ಲಿ ಮನೆ ದಾಟಿ, ದನದ ಕೊಟ್ಟಿಗೆ ದಾಟಿ, ಗಾಡಿ ರಾಗಿಹುಲ್ಲಿನ ಬಣವೆಯೊಳಗೆ ಮುಖ ಹುದುಗಿಸಿ ನಿಂತಿತು. ಬಾಗಿಲಿಗೆ ಬಂದ ಮುನಿಗಂಗಮ್ಮನಿಗೆ ಗಿಳಿ ಹಸಿರಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಒಳಗಿನಿಂದ ಮೂರು ಜನ ಗಹಗಹಿಸಿ ನಗುವುದು ಕೇಳಿದ ಮೇಲೆ ಅವಳಿಗೆ ಧೈರ್ಯ ಬಂತು.

“ಹುಲ್ಲಿಗೆ ಬೆಂಕಿ ಬೀಳೋಕ್ ಮುಂಚೆ ಹೊರಗ್ ಬನ್ರಿ!” ಎಂದು ಕೂಗಿದಳು. “ಓಡೋದು ಕಲಿಸಿದ್ರಲ್ಲ, ನಿಲ್ಲೋದು ಯಾರು ಕಲಿಸ್ತಾರೆ?”

ಮಾರನೆಯ ದಿನದಿಂದ ಬ್ರೇಕಿನ ಕೆಲಸ ಶುರುವಾಯಿತು. ಲಾರಿಯದೊಂದು ಬ್ರೇಕ್ ಸೆಟ್ಟು ಹಾಕಿ, ಡ್ರಮ್ಮನ್ನು ಲೇತಿನಲ್ಲಿ ಕಡೆಸಿ, ಅದು ಹಿಡಿದಲ್ಲಿ ನಿಲ್ಲುವವರೆಗೂ ಕದಿರೇಶ ಗಾಡಿ ಕೊಡಲಿಲ್ಲ.

ಮೇ ತಿಂಗಳಲ್ಲಿ ಆಂಜನೇಯ ಹೊರಟ. ಹುಲ್ಲು ಹಾಸಿ, ಗೋಣಿ ಸುತ್ತಿ, ಹಗ್ಗ ಬಿಗಿದು ವಿಗ್ರಹವನ್ನು ಮಲಗಿಸಿದ್ದರು. ಕಾಳಾಚಾರಿ ಅದರ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಒಂದು ಕೈಯನ್ನು ದೇವರ ಎದೆಯ ಮೇಲಿಟ್ಟಿದ್ದ. ಕದಿರೇಶ ಸ್ಪ್ಯಾನರುಗಳ ಚೀಲದೊಂದಿಗೆ ಹಿಂದೆ ಹತ್ತಿದ. ಮುಂದೆ ಆವಲಪ್ಪ, ಅಪ್ಪ, ಬುತ್ತಿಯ ಡಬ್ಬ ತೊಡೆಯ ಮೇಲಿಟ್ಟುಕೊಂಡ ಮುನಿಗಂಗಮ್ಮ. ಕೋಲಾರ ದಾಟಿ ಶ್ರೀನಿವಾಸಪುರದ ದಾರಿ ಹಿಡಿದರೆ ಎರಡೂ ಕಡೆ ಮಾವಿನ ತೋಪು, ಕಾಯಿ ನೆಲಕ್ಕೆ ತಾಗುವ ಹಾಗೆ ಜೋತುಬಿದ್ದಿತ್ತು.

ಬಂಡಪಲ್ಲಿಯ ಗುಡ್ಡದ ಬುಡದಲ್ಲಿ ಊರಿನ ಹಿರಿಯ ಶ್ರೀನಿವಾಸಪ್ಪ ತಮಟೆಯವರೊಂದಿಗೆ ಕಾದಿದ್ದರು. ಮಾವಿನ ತೋಟದ ದೊಡ್ಡ ಬೇಸಾಯಗಾರ, ಮನೆಮಾತು ತೆಲುಗು. ಗಿಳಿ ಹಸಿರಿನ ಗಾಡಿಯನ್ನು ಒಮ್ಮೆ, ಗುಡ್ಡವನ್ನು ಒಮ್ಮೆ ನೋಡಿ, “ಈ ಬಂಡಿ ಎಕ್ಕುತುಂದಾ?” ಎಂದು ಅನುಮಾನಿಸಿದರು. ಹತ್ತುತ್ತದೆಯೇ ಎಂದು ಕೇಳಿದ್ದು.

“ಹತ್ತುತ್ತೆ ಬಿಡಿ ಸ್ವಾಮಿ,” ಎಂದ ಆವಲಪ್ಪ.

ಮೊದಲ ತಿರುವು ಆಯಿತು, ಎರಡನೆಯದೂ ಆಯಿತು. ಶಂಖ ಊದುತ್ತಾ ಗಾಡಿ ಮೇಲೇರುತ್ತಿತ್ತು, ಹಿಂದೆ ಜನ ಓಡೋಡಿ ಬರುತ್ತಿದ್ದರು. ಅರ್ಧ ಗುಡ್ಡ ಹತ್ತಿದ್ದಾಗ ಕದಿರೇಶ ಹಿಂದಿನಿಂದ ತಗಡು ಬಡಿದು, “ನಿಲ್ಸು! ನಿಲ್ಸು! ಆಯಿಲ್ ವಾಸನೆ!” ಎಂದು ಕಿರುಚಿದ. ಆವಲಪ್ಪ ನಿಲ್ಲಿಸಿ ಆಫ್ ಮಾಡಿದ. ಜನ ಚಕ್ರಗಳ ಹಿಂದೆ ಕಲ್ಲು ಕೊಟ್ಟರು.

ಬಾನೆಟ್ಟು ಎತ್ತಿದರೆ ಎಲ್ಲೆಲ್ಲೂ ಆಯಿಲು. ಶಂಖಕ್ಕೆ ಹೋಗುವ ತಾಮ್ರದ ಕೊಳವೆ ಅದುರಿ ಅದುರಿ ಬಿರಿದುಹೋಗಿತ್ತು. ಹೀಗೇ ಓಡಿಸಿದರೆ ಶಂಖ ಸುಟ್ಟುಹೋಗುತ್ತದೆ, ಶಂಖವಿಲ್ಲದೆ ಗಾಡಿ ಹತ್ತುವುದಿಲ್ಲ, ಇಷ್ಟು ಭಾರ ಇಟ್ಟುಕೊಂಡು ಹಿಂದಕ್ಕೆ ಇಳಿಯುವಂತೆಯೂ ಇಲ್ಲ. ಕದಿರೇಶ ಸ್ಪ್ಯಾನರಿಗೆ ಮೂರು ಭಾಷೆಯಲ್ಲೂ ಬೈದ. ಕಾಳಾಚಾರಿ ತೊಟ್ಟಿಯಿಂದ ಇಳಿಯಲೇ ಇಲ್ಲ. “ಒತ್ತಡಕ್ಕೆ ತಡೆಯೋ ಪೈಪು ಬೇಕಣ್ಣ, ಒಂದು ಮೊಳ ಇದ್ರೆ ಸಾಕು,” ಎಂದು ಕದಿರೇಶ ತಲೆ ಹಿಡಿದುಕೊಂಡ.

ಆವಲಪ್ಪ ಸುತ್ತ ನೋಡಿದ. ಕೆಳಗೆ ಕಣ್ಣು ಹಾಯುವವರೆಗೂ ಮಾವಿನ ಮರ. ಅದನ್ನು ನೋಡುತ್ತಲೇ ಅವನಿಗೆ ಹೊಳೆಯಿತು.

“ಸ್ವಾಮಿ, ಮಾವಿಗೆ ಔಷಧಿ ಹೊಡೆಯೋ ಮಿಷಿನ್ ಇದೆಯಾ ನಿಮ್ಮತ್ರ?”

“ಉಂದಿ, ಇದೆ. ತೋಟದ ಶೆಡ್ಡಲ್ಲಿದೆ.”

“ಅದರ ಪೈಪು? ಅದೂ ಒತ್ತಡಕ್ಕೆ ಮಾಡಿದ್ದೇ ಅಲ್ವಾ?”

ಕದಿರೇಶ ತಲೆ ಎತ್ತಿದ. ಶ್ರೀನಿವಾಸಪ್ಪ ಕ್ಷಣವೂ ತಡಮಾಡದೆ ಇಬ್ಬರನ್ನು ಕೆಳಗೆ ಓಡಿಸಿದರು. “ಕೊಯ್ಕೊಂಡೇ ಬಂದ್ಬಿಡಿ. ಪೈಪು ಇನ್ನೊಂದು ತರಬೌದು, ಸ್ವಾಮಿಯವರನ್ನ ದಾರೀಲಿ ಕೂರ್ಸೋಕಾಗ್ತದಾ?”

ಅವರು ಬರುವಷ್ಟರಲ್ಲಿ ಮುನಿಗಂಗಮ್ಮ ಬಂಡೆಯ ನೆರಳಿನಲ್ಲಿ ಡಬ್ಬ ಬಿಚ್ಚಿದಳು. ಚಿತ್ರಾನ್ನ, ಸಂಡಿಗೆ. ಮುತ್ತುಗದೆಲೆ ಹರಿದು ಹಂಚಿ, ತಮಟೆಯವರಿಗೂ ಕೊಟ್ಟಳು. ಊರಿನವರು ಮಾವಿನಹಣ್ಣು ತಂದರು. ಕಾಳಾಚಾರಿಗೆ ಎಲೆಯನ್ನು ತೊಟ್ಟಿಗೇ ಎತ್ತಿಕೊಟ್ಟರು; ಅವನು ಒಂದು ಕೈಯಲ್ಲಿ ತಿಂದ, ಇನ್ನೊಂದು ಕೈ ದೇವರ ಮೇಲೆಯೇ ಇತ್ತು. ಗಾಡಿ ಕೆಟ್ಟು ನಿಂತ ಜಾಗ ಮದುವೆಮನೆಯಂತಾಯಿತು. ಆವಲಪ್ಪ ಮಾತ್ರ ಎಲೆ ಬದಿಗಿಟ್ಟು ಮೇಲಿನ ಏರನ್ನೇ ನೋಡುತ್ತಿದ್ದ. ಹೊರಡುವುದೇ ಈಗ ಕಷ್ಟ ಎಂದು ಅವನಿಗೆ ಗೊತ್ತಿತ್ತು. ಶಂಖ ಊದಬೇಕಾದರೆ ಇಂಜಿನ್ನು ವೇಗ ಹಿಡಿಯಬೇಕು, ವೇಗ ಹಿಡಿಯಬೇಕಾದರೆ ಗಾಡಿ ಮೊದಲು ಕದಲಬೇಕು.

ಪೈಪು ಬಂತು. ಕದಿರೇಶ ಕೊಯ್ದು, ಕ್ಲಿಪ್ಪು ಬಿಗಿದು, ಬಿಸಿಗೆ ತಾಗದಂತೆ ಒದ್ದೆಗೋಣಿ ಸುತ್ತಿ, ಕೈ ಒರೆಸಿಕೊಂಡು, “ಹೂಂ,” ಎಂದ. ಆಯಿಲು ತುಂಬಿಸಿದರು.

ಆವಲಪ್ಪ ಫಸ್ಟ್ ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟ. ಹಿಂದೆ ಬಂಡಪಲ್ಲಿಯವರೆಲ್ಲ ಹೆಗಲು ಕೊಟ್ಟು ತಳ್ಳಿದರು. ಇಂಜಿನ್ನು ಗುರುಗುಟ್ಟಿತು, ಹೊಗೆ ಎದ್ದಿತು, ಗಾಡಿ ಗೇಣು ಗೇಣಾಗಿ ಕದಲಿತು.

“ಬಿಡಬೇಡ್ವೋ, ತುಳಿ!” ಎಂದು ಅಪ್ಪ ಡ್ಯಾಶ್‌ಬೋರ್ಡ್ ಬಡಿದರು.

ಮುನಿಗಂಗಮ್ಮ ಸೀಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಆವಲಪ್ಪ ತುಳಿದೇ ಇದ್ದ. ಮೊದಲು ಸಣ್ಣಗೆ, ಅನುಮಾನದಂತೆ ಕೇಳಿತು. ಆಮೇಲೆ ಊಳು ಏರಿತು. ಶಂಖ ಪೂರ್ತಿ ಊದಿದಾಗ ಗಾಡಿ ಒಮ್ಮೆಲೇ ಮುಂದಕ್ಕೆ ನೆಗೆದು, ತಳ್ಳುತ್ತಿದ್ದವರ ಕೈಗಳು ಗಾಳಿಯಲ್ಲೇ ಉಳಿದವು. ಮುಂದಿನ ಸಾಲಿನವರು ಧೂಳಿನಲ್ಲಿ ಬೋರಲು ಬಿದ್ದು, ಬಿದ್ದಲ್ಲೇ ನಗತೊಡಗಿದರು.

“ಎಕ್ಕೇಸಿಂದಿ ರೋ! ಎಕ್ಕೇಸಿಂದಿ!” ಎಂದು ಶ್ರೀನಿವಾಸಪ್ಪ ರುಮಾಲು ಬೀಸಿ ಕುಣಿದರು. ಹತ್ತಿಬಿಟ್ಟಿತು ಎನ್ನುವುದಕ್ಕೆ ಯಾರೂ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ.

ಗುಡಿಯ ಮುಂದೆ ಗಾಡಿ ನಿಂತಿತು. ಆವಲಪ್ಪ ಇಂಜಿನ್ನು ಓಡಲು ಬಿಟ್ಟು, ಅಪ್ಪನ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚಿದ. ಅವನಿಗೆ ಎಲೆ ಅಡಿಕೆಯ ಅಭ್ಯಾಸವೇ ಇರಲಿಲ್ಲ. ಅಗಿದು ಮುಗಿಸಿ ಆಫ್ ಮಾಡಿದಾಗ ಗುಡ್ಡದ ಮೇಲೆ ಗಾಳಿಯ ಸದ್ದು ಕೇಳಿಸಿತು. ಕಾಳಾಚಾರಿ ಇಳಿದು ಬಂದು ಅವನ ಎರಡೂ ಕೈ ಹಿಡಿದುಕೊಂಡು, “ಆವಲಪ್ಪ, ದೇವರಿಗಿಂತ ನಾನೇ ಜಾಸ್ತಿ ಕಲ್ಲಾಗಿ ಕೂತಿದ್ದೆ ಕಣೋ,” ಎಂದು ನಕ್ಕ.

ಬರುವಾಗ ತೊಟ್ಟಿಯ ತುಂಬ ಬಂಡಪಲ್ಲಿಯ ಮಾವಿನಹಣ್ಣು. ಊರಿನಲ್ಲಿ ಹಂಚಿ ಹಂಚಿ ಮುಗಿಯಲಿಲ್ಲ.

ಅದಾದ ಮೇಲೆ ಗುಡ್ಡದ ದೇವರುಗಳೆಲ್ಲ ಆವಲಪ್ಪನ ಪಾಲಿಗೇ ಬಂದವು. ಚಿತ್ತೂರಿನ ಕಡೆಗೂ ಹೋದ, ಹೊಸೂರಿನ ಕಡೆಗೂ ಹೋದ. ಕದಿರೇಶ ಆಯಿಲಿಗೆ ಗಟ್ಟಿ ಪೈಪು ಹಾಕಿಕೊಟ್ಟ. ಶ್ರೀನಿವಾಸಪ್ಪನವರಿಗೆ ಹೊಸ ಪೈಪು ಕೊಂಡುಹೋದರೆ ಅವರು ತೆಗೆದುಕೊಳ್ಳಲಿಲ್ಲ. ಹಳೆಯದನ್ನೇ ಜೋಡಿಸಿಕೊಂಡಿದ್ದೇನೆ, ನೋಡಿದಾಗಲೆಲ್ಲ ನಗು ಬರುತ್ತದೆ ಎಂದರಂತೆ. ಕೋದಂಡರಾಮಪ್ಪ ಎಲ್ಲ ಪ್ರಯಾಣಕ್ಕೂ ಹೋಗುತ್ತಿದ್ದರು, ಪೇಟವನ್ನು ಮಾತ್ರ ಗಲ್ಲದ ಕೆಳಗೆ ದಾರ ಕಟ್ಟಿ ಬಿಗಿದುಕೊಳ್ಳುತ್ತಿದ್ದರು.

ಮರುವರ್ಷದ ಬೇಸಿಗೆಯ ಒಂದು ಸಂಜೆ, ಹುಳುವಿಗೆ ಸೊಪ್ಪು ಹಾಕಿ ಬಂದ ಮುನಿಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ನಂಗೂ ಓಡಿಸೋದು ಕಲಿಸಿ,” ಎಂದಳು. ಆವಲಪ್ಪ ಹಾಸ್ಯವಿರಬೇಕೆಂದು ಅವಳ ಮುಖ ನೋಡಿದ. ಅಲ್ಲ.

“ಆಯ್ತು ಬಿಡು,” ಎಂದ.

ನೀರು ಹಿಂದೆ ಸರಿದು ಕೆರೆಯಂಗಳ ಸಿಮೆಂಟು ನೆಲದ ಹಾಗೆ ಗಟ್ಟಿಯಾಗಿತ್ತು. ಅವಳನ್ನು ಸ್ಟೇರಿಂಗಿನ ಹಿಂದೆ ಕೂರಿಸಿ ಕ್ಲಚ್ಚು ತೋರಿಸಿದ. ಗಾಡಿ ಎರಡು ಸಲ ಕುಪ್ಪಳಿಸಿ ಸತ್ತಿತು, ಮೂರನೆಯ ಸಲ ಹೊರಟಿತು. ಅವಳು ಒಂದು ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು. ಏರಿಯ ಮೇಲೆ ಮಾವ ಕೋಲು ಎತ್ತಿ, “ಗೇರ್ ಬದಲಾಯಿಸಮ್ಮಾ!” ಎಂದು ಕೂಗುತ್ತಿದ್ದರು. ಕೆರೆಯಲ್ಲಿ ಉಳಿದಿದ್ದ ನೀರಿನ ಪಕ್ಕದ ಕೊಕ್ಕರೆಗಳು ಎದ್ದು ಹಾರಿ ಮತ್ತೆ ಕೂತವು.

“ಸಾಕು ಕಣೇ, ಕತ್ತಲಾಗ್ತಿದೆ,” ಎಂದ ಆವಲಪ್ಪ.

“ಇನ್ನೊಂದೇ ಸುತ್ತು,” ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. ಅಲ್ಲಿ ರಸ್ತೆಯೇ ಇರಲಿಲ್ಲ. ಆವಲಪ್ಪ ಕಿಟಕಿಗೆ ಮೊಣಕೈ ಊರಿ ಹಿಂದಕ್ಕೆ ಒರಗಿಕೊಂಡ.